ಅಂಗೈ ತೋರಿಸಿದರೆ ನಿಲ್ಲುವ ಕ್ಯಾಮೆರಾ

ಹವ್ಯಾಸವೊಂದಿದ್ದರೆ ಮನುಷ್ಯನಿಗೆ ನೆಮ್ಮದಿ ಎಂದು ಹೇಳುವವರನ್ನು ನಂಬಿ ನಾನು ಕೆಟ್ಟೆ. ಹಾಗೆ ಹೇಳಿದವರ ಹವ್ಯಾಸ ಏನಿತ್ತೋ ಗೊತ್ತಿಲ್ಲ. ಅಂಚೆಚೀಟಿ ಸಂಗ್ರಹ ಇದ್ದಿರಬೇಕು. ಅಂಚೆಚೀಟಿಯನ್ನು ಚಾರ್ಜ್ ಮಾಡಬೇಕಾಗಿಲ್ಲ. ಅದಕ್ಕೆ ಪಾಸ್‌ವರ್ಡ್ ಇಲ್ಲ. ಆಲ್ಬಮ್ಮಿನಲ್ಲಿ ತನ್ನ ಪಾಡಿಗೆ ತಾನು ಕೂತಿರುವಾಗ ಇದ್ದಕ್ಕಿದ್ದಂತೆ ‘ಹೊಸ ಅಪ್‌ಡೇಟ್ ಬಂದಿದೆ, ದಯವಿಟ್ಟು ಕಾಯಿರಿ’ ಎಂದು ಅದು ಕಣ್ಣು ಮುಚ್ಚಿಕೊಳ್ಳುವುದಿಲ್ಲ. ನನ್ನದು ವಿಡಿಯೋ ಹವ್ಯಾಸ. ಇಂಗ್ಲೆಂಡಿನ ಶೆಫೀಲ್ಡಿನ ಒಂದು ಇಳಿಜಾರು ರಸ್ತೆಯ ಮನೆಯಲ್ಲಿ ಹೆಂಡತಿ ಶಾಲಿನಿ ಮತ್ತು ಮಗಳು ನಿಧಿಯೊಂದಿಗೆ ವಾಸಿಸುತ್ತಾ, ಹಗಲೆಲ್ಲ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುತ್ತೇನೆ. ಸಂಜೆ ಮನೆಗೆ ಬಂದು ಅದೇ ಬಗೆಯ ತಪ್ಪುಗಳಿರುವ ಸಾಮಾನುಗಳಿಗೆ ಆ ಸಂಬಳವನ್ನು ಸುರಿಯುತ್ತೇನೆ. ನಮ್ಮ ಮನೆಯ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮೊದಲು ಕಸ ಹೀರುವ ಹೂವರ್ ಯಂತ್ರ ಮತ್ತು ಮಳೆಗಾಲದ ಬೂಟುಗಳಿದ್ದವು. ಈಗ ಹೂವರ್ ನಮ್ಮ ಮಲಗುವ ಕೋಣೆಯಲ್ಲಿದೆ. ಕಪಾಟಿನ ತುಂಬ ನನ್ನ ಕೇಬಲ್ಲುಗಳಿವೆ. ಅವುಗಳಲ್ಲಿ ಒಂದೂ ಯಾವುದಕ್ಕೂ ಹೊಂದುವುದಿಲ್ಲ, ಆದರೆ ಎಸೆದ ಮಾರನೆಯ ದಿನವೇ ಹೊಂದುವ ಸಾಮಾನು ಸಿಗುತ್ತದೆ ಎಂಬ ಭಯಕ್ಕೆ ಎಸೆದಿಲ್ಲ.

ಗಿಂಬಲ್ ಎಂಬ ಒಂದು ಹಿಡಿ ಇದೆ. ನಮ್ಮ ಕೈ ನಡುಗಿದರೂ ಚಿತ್ರ ನಡುಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಕನ್ನಡ ಕೂಟದ ಯುಗಾದಿಯ ದಿನ ಅದಕ್ಕೆ ಯಾವ ಗಾಳಿ ಸೋಕಿತೋ, ಮಕ್ಕಳ ನೃತ್ಯದ ಮಧ್ಯೆ ನಿಧಾನವಾಗಿ ಕತ್ತೆತ್ತಿ ಚರ್ಚ್ ಹಾಲಿನ ಚಾವಣಿಯನ್ನು ನೋಡತೊಡಗಿತು. ನಾನು ಕೆಳಕ್ಕೆಳೆದೆ. ಅದು ಮೇಲಕ್ಕೇ ನೋಡಿತು. ಇಡೀ ನೃತ್ಯದಲ್ಲಿ ಉಳಿದದ್ದು ಟ್ಯೂಬ್‌ಲೈಟು ಮತ್ತು ಗೆಜ್ಜೆಯ ಸದ್ದು. ಅದಕ್ಕೂ ಮುಂಚೆ, ಹಿನ್ನೆಲೆಯ ಗದ್ದಲವನ್ನು ತಾನೇ ಗುರುತಿಸಿ ಅಳಿಸಿಹಾಕುವ ಜಾಣ ಮೈಕನ್ನು ಕೊಂಡಿದ್ದೆ. ಅದು ಗೆಳೆಯರೊಬ್ಬರ ಪತ್ನಿ ದೇವರನಾಮ ಹಾಡುವಾಗ ತಂಬೂರಿಯ ಶ್ರುತಿಯನ್ನು ಫ್ರಿಜ್ಜಿನ ಗುಂಯ್‌ಕಾರ ಎಂದು ತಿಳಿದು ಬೇರುಸಹಿತ ಕಿತ್ತುಹಾಕಿತು. ಶ್ರುತಿ ಹೋದಮೇಲೆ ಹಾಡು ಹೇಗೆ ಕೇಳಿಸುತ್ತದೆ ಎನ್ನುವುದು ನನಗೂ ಅವರಿಗೂ ಒಟ್ಟಿಗೇ ಗೊತ್ತಾಯಿತು. ಅವರು ಇವತ್ತಿಗೂ ನನ್ನನ್ನು ಕಂಡರೆ ಊಟಕ್ಕೆ ಬೇರೆ ಸಾಲಿನಲ್ಲಿ ನಿಲ್ಲುತ್ತಾರೆ. ಕಂಪನಿಗೆ ದೂರು ಬರೆದರೆ, ಮೈಕನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ್ದೀರಾ ಎಂದು ಕೇಳಿದರು. ಮಾಡಿದೆ ಎಂದೆ. ಹಾಗಾದರೆ ನಮ್ಮ ಸೇವೆ ನಿಮಗೆ ಎಷ್ಟು ತೃಪ್ತಿ ಕೊಟ್ಟಿತು ಎಂದು ಕೇಳಿದರು.

ನನ್ನ ವಿಡಿಯೋಗಳ ಮೊದಲ ವಿಮರ್ಶಕರು ಡಾಕ್ಟರ್ ಇಮ್ತಿಯಾಜ್. ವಿಜಯಪುರದವರು, ಇಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು. ಮನೆಯಲ್ಲಿ ದಖನಿ ಉರ್ದು, ನಮ್ಮೊಂದಿಗೆ ನಮ್ಮಂಥದೇ ಬೆಂಗಳೂರು ಕನ್ನಡ, ತಮಾಷೆ ಮಾಡುವಾಗ ಮಾತ್ರ ಊರಿನ ಮಾತು. “ನಾ ದಿನಾ ಮಂದೀಗಿ ಎಚ್ಚರ ತಪ್ಪಸಾವ್ನು. ನಿಮ್ಮ ವಿಡಿಯೋ ನೋಡಿದ್ರ ನನಗs ತಪ್ಪತೈತಿ” ಎಂದು ನಮ್ಮ ಸೋಫಾದಲ್ಲಿ ಕೂತು, ನಮ್ಮ ಚಹಾ ಕುಡಿಯುತ್ತಾ ಹೇಳಿದವರು ಅವರು. ಶಾಲಿನಿಯ ವಿಮರ್ಶೆ ಬೇರೆ ಬಗೆಯದು. ಒಮ್ಮೆ ನಿಧಿಯ ಹಳೆಯ ಹುಟ್ಟುಹಬ್ಬದ ವಿಡಿಯೋ ನೋಡುತ್ತಾ, “ರೀ, ನಮ್ಮನೆ ಒಂದು ವಿಡಿಯೋದಲ್ಲೂ ನೀವೇ ಇಲ್ಲ. ಬರೀ ನಿಮ್ಮ ಉಸಿರು ಕೇಳ್ಸುತ್ತೆ” ಎಂದಳು. ನಿಜವಾಗಿತ್ತು. ಮಗಳು ದೊಡ್ಡವಳಾದ ಕಥೆಯಲ್ಲಿ ನನ್ನ ಪಾತ್ರ, ಕ್ಯಾಮೆರಾದ ಹಿಂದೆ ಯಾರೋ ಮೆಟ್ಟಿಲು ಹತ್ತಿ ಬಂದವರಂತೆ ಏದುಸಿರು ಬಿಡುವುದು. ಅದು ನನ್ನ ಮನಸ್ಸಿಗೆ ನಾಟಿತು. ಹಾಗೆ ನಾಟಿದಾಗ ಬೇರೆ ಗಂಡಂದಿರು ಏನು ಮಾಡುತ್ತಾರೋ, ನಾನಂತೂ ಇನ್ನೊಂದು ಕ್ಯಾಮೆರಾ ಕೊಂಡೆ.

ಈ ಹೊಸ ಕ್ಯಾಮೆರಾದ ಹೆಚ್ಚುಗಾರಿಕೆ ಏನೆಂದರೆ ಅದನ್ನು ಮುಟ್ಟಬೇಕಾಗಿಲ್ಲ. ಸ್ಟ್ಯಾಂಡಿನ ಮೇಲೆ ಕೂರಿಸಿ, ಅದರ ಕಡೆಗೆ ಅಂಗೈ ಎತ್ತಿ ತೋರಿಸಿದರೆ ಸಾಕು, ಚಿತ್ರೀಕರಣ ಶುರು. ಮತ್ತೆ ಅಂಗೈ ತೋರಿಸಿದರೆ ಆ ಕ್ಷಣವೇ ನಿಲುಗಡೆ. ಶುರು ಮಾಡುವಾಗ ಮಾತ್ರ, ನಾವು ಓಡಿಹೋಗಿ ನಮ್ಮ ಜಾಗದಲ್ಲಿ ನಿಂತು ಮುಖ ಸರಿಮಾಡಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಕಾಯುತ್ತದೆ. ಎಷ್ಟು ಹೊತ್ತು ಎನ್ನುವುದನ್ನು ನಾವೇ ಆರಿಸಬಹುದು. ನನ್ನ ಮೊಣಕಾಲಿನ ಸ್ಥಿತಿ ನೋಡಿ ಎಲ್ಲಕ್ಕಿಂತ ಹೆಚ್ಚಿನದನ್ನು ಆರಿಸಿದೆ. ಇನ್ನು ಮೇಲೆ ನಾನೂ ಚಿತ್ರದಲ್ಲಿರುತ್ತೇನೆ ಎಂದು ಶಾಲಿನಿಗೆ ಹೇಳಿದೆ. ಅವಳು ಹೂವರನ್ನು ದಾಟಿಕೊಂಡು ಹೋಗಿ ಮಲಗಿದಳು.

ಅದೇ ಹೊತ್ತಿಗೆ ಮೈಸೂರಿನಿಂದ ದೊಡ್ಡಮ್ಮ ಬಂದರು. ಶಾಲಿನಿಯ ತಾಯಿ ಅವಳು ಚಿಕ್ಕವಳಿರುವಾಗಲೇ ತೀರಿಕೊಂಡರು. ತಾಯಿಯ ಅಕ್ಕನಾದ ಇವರೇ ಜಡೆ ಹೆಣೆದು, ಲೆಕ್ಕ ಹೇಳಿಕೊಟ್ಟು, ಜ್ವರ ಬಂದಾಗ ಪಕ್ಕದಲ್ಲಿ ಕೂತು ಅವಳನ್ನು ಬೆಳೆಸಿದವರು. ದೊಡ್ಡಮ್ಮ ಆಶೀರ್ವಾದ ಮಾಡುವ ರೀತಿ ಬೇರೆ ಯಾರಿಗೂ ಬರುವುದಿಲ್ಲ. ಕಾಲಿಗೆ ಬಿದ್ದವರು ಎದ್ದು ನಿಂತ ಮೇಲೆ, ಬಲಗೈಯನ್ನು ಪೂರ್ತಿ ಮೇಲೆತ್ತಿ, ಅಂಗೈ ಹರಡಿ, ಒಂದು ಗಳಿಗೆ ಹಾಗೆಯೇ ಹಿಡಿದು, “ತಣ್ಣಗಿರಿ. ಹೊಟ್ಟೆ ತುಂಬ ಉಣ್ಣಿ. ಯಾರ ಮೇಲೂ ಸಿಡುಕಬೇಡಿ” ಎನ್ನುತ್ತಾರೆ. ಆಮೇಲೆ ಕೈ ಇಳಿದು ತಲೆಯ ಮೇಲೆ ಕೂರುತ್ತದೆ. ನಮ್ಮ ಮದುವೆಯಲ್ಲೂ ಹೀಗೇ ಆಶೀರ್ವಾದ ಮಾಡಿದ್ದರು. ಆದರೆ ಮದುವೆಯ ವಿಡಿಯೋದವನು ಸರಿಯಾಗಿ ಆ ಜಾಗದಲ್ಲಿ ತನ್ನ ಕಲೆಯನ್ನೆಲ್ಲ ತೋರಿಸಿ, ಒಂದು ಕೆಂಪು ಹೃದಯ ಗಿರಗಿರನೆ ತಿರುಗುತ್ತಾ ಬಂದು ದೊಡ್ಡಮ್ಮನ ಮುಖವನ್ನು ನುಂಗುವಂತೆ ಮಾಡಿದ್ದ. ಶಾಲಿನಿಗೆ ಆ ನೋವು ಇನ್ನೂ ಇದೆ. ಈ ಸಲ ದೊಡ್ಡಮ್ಮ ಬಂದಿಳಿದ ದಿನವೇ, “ಇದೇ ಕೊನೆ ಕಣೇ. ಈ ಮಂಡಿ ಇಟ್ಕೊಂಡು ಇನ್ನು ವಿಮಾನ ಹತ್ತೋಕಾಗಲ್ಲ” ಎಂದಿದ್ದರು. ಆಗ ಶಾಲಿನಿ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: “ನಿಮ್ಮ ಡಬ್ಬಗಳಿಗೆ ನಾನು ಯಾವತ್ತೂ ಏನೂ ಅಂದಿಲ್ಲ. ಒಂದೇ ಒಂದು ಕೇಳ್ತೀನಿ. ದೊಡ್ಡಮ್ಮ ಕೈ ಎತ್ತಿ ನಿಧಿಗೆ ಆಶೀರ್ವಾದ ಮಾಡೋದು, ಆ ಮಾತು ಕೇಳ್ಸೋ ಹಾಗೆ, ಒಂದು ವಿಡಿಯೋ ಬೇಕು. ಅಷ್ಟು ಮಾಡ್ಕೊಡಿ.” ಯಾವತ್ತೂ ಏನೂ ಅಂದಿಲ್ಲ ಎನ್ನುವುದು ಸುಳ್ಳು. ಉಳಿದದ್ದು ನಿಜ. ಆಗಲಿ ಎಂದೆ.

ಸತ್ಯನಾರಾಯಣ ಪೂಜೆಗೆ ದಿನ ನಿಗದಿಯಾಯಿತು. ಲೀಡ್ಸಿನಿಂದ ಪುರೋಹಿತರು ಬಂದರು. ಊದುಬತ್ತಿಯ ಹೊಗೆಗೆ ಕಿರುಚಿಕೊಳ್ಳದಿರಲೆಂದು ಚಾವಣಿಯ ಹೊಗೆ ಅಲಾರ್ಮಿಗೆ ಎಂದಿನಂತೆ ಶವರ್ ಕ್ಯಾಪ್ ತೊಡಿಸಿದೆವು. ನಾನು ಬೆಳಿಗ್ಗೆಯಿಂದಲೇ ಸಿದ್ಧತೆ ನಡೆಸಿದ್ದೆ. ದೊಡ್ಡಮ್ಮನ ಕುರ್ಚಿಯನ್ನು ಕಿಟಕಿಯ ಬೆಳಕು ಬೀಳುವ ಕಡೆ ಹಾಕಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿದೆ. ಮಂತ್ರದ ಮಧ್ಯೆ ಟಿಂವ್ ಎನ್ನಬಾರದೆಂದು ಅದರ ಸದ್ದನ್ನು ತೆಗೆದುಹಾಕಿದೆ. ಅದರ ಕೆಂಪು ದೀಪ ಬೆಳ್ಳಿಯ ಕಲಶದಲ್ಲಿ ಪ್ರತಿಫಲಿಸುತ್ತಿತ್ತು, ದೀಪದ ಮೇಲೆ ಕಪ್ಪು ಟೇಪು ಅಂಟಿಸಿದೆ. ಇಷ್ಟು ಮುಂದಾಲೋಚನೆಯ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು ನನಗೇ ಅನ್ನಿಸಿತು. ಕ್ಯಾಮೆರಾ ಶುರು ಮಾಡಿ, ಇನ್ನು ಅದನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿ, ಪಂಚೆ ಸರಿಮಾಡಿಕೊಂಡು ಪೂಜೆಗೆ ಕೂತೆ. ಜನ ಬಂದರು, ಒಬ್ಬೊಬ್ಬರಾಗಿ ದೊಡ್ಡಮ್ಮನಿಗೆ ನಮಸ್ಕಾರ ಮಾಡಿದರು. ದೊಡ್ಡಮ್ಮ ಯಾರನ್ನೂ ಬಿಡಲಿಲ್ಲ. ಪುರೋಹಿತರಿಗೂ ಆಶೀರ್ವಾದ ಮಾಡಿದರು. ಪಾರ್ಸೆಲ್ ಕೊಡಲು ಬಂದು ಬಾಗಿಲಲ್ಲಿ ನಿಂತ ಹುಡುಗನಿಗೂ ಕೂತಲ್ಲಿಂದಲೇ ಕೈ ಎತ್ತಿದರು. ನಿಧಿ ಕಾಲಿಗೆ ಬಿದ್ದಳು. ಆ ಮಾತುಗಳು, ಆ ಕೈ, ನಿಧಿಯ ಬಗ್ಗಿದ ತಲೆ, ಹಿಂದೆ ಕಣ್ಣೊರೆಸಿಕೊಳ್ಳುತ್ತಿದ್ದ ಶಾಲಿನಿ. ನಾನು ಅವಳ ಕಡೆ ನೋಡಿ, ಎಲ್ಲ ಸಿಕ್ಕಿದೆ ಎಂಬಂತೆ ತಲೆಯಾಡಿಸಿದೆ. ಬಹಳ ವರ್ಷಗಳ ನಂತರ ಅವಳು ನನ್ನ ಹವ್ಯಾಸದ ಕಡೆ ನೋಡಿ ನಕ್ಕಳು.

ಮಾರನೆಯ ದಿನ ಡಾಕ್ಟರ್ ಇಮ್ತಿಯಾಜ್ ಉಳಿದ ಸಜ್ಜಿಗೆ ತಿನ್ನಲು ಬಂದಾಗ, ಎಲ್ಲರನ್ನೂ ಕೂರಿಸಿ ಟೀವಿಗೆ ಹಾಕಿದೆ. ಮೊದಲ ತುಣುಕಿನಲ್ಲಿ ಪೂಜೆಗೆ ಮುಂಚಿನ ಖಾಲಿ ಕೋಣೆ, ನಾನು ಪಂಚೆ ಸರಿಮಾಡಿಕೊಳ್ಳುವುದು, ದೊಡ್ಡಮ್ಮ ಬಂದು ಕೂರುವುದು, ಮೊದಲ ಅತಿಥಿ ಬಗ್ಗುವುದು. ದೊಡ್ಡಮ್ಮನ ಕೈ ಭುಜದ ಮೇಲಕ್ಕೆ ಬಂತು, ಚಿತ್ರ ಕಪ್ಪಾಯಿತು. ಎರಡನೆಯ ತುಣುಕಿನಲ್ಲಿ ಯಾರೋ ಬೆಂಕಿಪೊಟ್ಟಣ ಹುಡುಕುತ್ತಿದ್ದಾರೆ. ಪುರೋಹಿತರು ತಮ್ಮ ಕಾರು ನಿಲ್ಲಿಸಿದ ಜಾಗಕ್ಕೆ ಪರ್ಮಿಟ್ ಬೇಕೇ ಎಂದು ವಿಚಾರಿಸುತ್ತಿದ್ದಾರೆ. ಶವರ್ ಕ್ಯಾಪು ಒಂದು ಕಡೆ ಜಾರುತ್ತಿದೆ. ಮತ್ತೊಬ್ಬರು ಬಗ್ಗಿದರು, ಕೈ ಎದ್ದಿತು, ಕಪ್ಪು. ಮುಂದಿನದರಲ್ಲಿ ಬರೀ ಸಜ್ಜಿಗೆಯ ಸಾಲು, ತುಪ್ಪ ಜಾಸ್ತಿಯೋ ಕಮ್ಮಿಯೋ ಎಂಬ ಚರ್ಚೆ. ಅದೊಂದೇ ಸಿನಿಮಾದಷ್ಟು ಉದ್ದ ಇತ್ತು. ನಿಧಿಗೆ ಮಾಡಿದ ಆಶೀರ್ವಾದ ಯಾವುದರಲ್ಲೂ ಇರಲಿಲ್ಲ. ಒಂದು ತುಣುಕು ಅವಳು ಕಾಲಿಗೆ ಬಿದ್ದು ಏಳುವಲ್ಲಿಗೆ, ದೊಡ್ಡಮ್ಮನ ಬೆರಳುಗಳು ಸೆರಗಿನಿಂದ ಹೊರಬರುವಲ್ಲಿಗೆ ಮುಗಿದಿತ್ತು.

“ಎಲ್ಲಾ ಕೇಸ್‌ನಾಗೂ ಒಂದs ಲಕ್ಷಣ ಐತಿ ನೋಡ್ರೀ” ಎಂದರು ಡಾಕ್ಟರು, ಚಮಚ ಕೆಳಗಿಟ್ಟು. “ಅಮ್ಮಾವ್ರು ಕೈ ಎತ್ತತಾರ, ಪೇಷಂಟ್ ಹೋಗ್ತಾನ.” ನಿಧಿ ನನ್ನ ಕಡೆ ತಿರುಗಿ, “ಡ್ಯಾಡ್, ಇಟ್ಸ್ ದ ಪಾಮ್ ಥಿಂಗ್. ಯೂ ಲೆಫ್ಟ್ ಇಟ್ ಆನ್” ಎಂದಳು. ಆಗ ನನಗೆ ಬೆಳಕಾಯಿತು. ದೊಡ್ಡಮ್ಮನ ಒಂದು ಆಶೀರ್ವಾದಕ್ಕೆ ಕ್ಯಾಮೆರಾ ನಿಂತಿದೆ, ಮುಂದಿನ ಆಶೀರ್ವಾದಕ್ಕೆ ಎಚ್ಚೆತ್ತಿದೆ. ಆದರೆ ಎಚ್ಚೆತ್ತರೂ, ನನ್ನ ಮೊಣಕಾಲಿಗೆಂದು ನಾನೇ ಕೊಟ್ಟ ಕಾಲಾವಕಾಶವನ್ನು ಚಾಚೂ ತಪ್ಪದೆ ಪಾಲಿಸಿ, ಆಶೀರ್ವಾದ ಪೂರ್ತಿ ಮುಗಿದು ಜನ ಸಜ್ಜಿಗೆಯ ಕಡೆ ಹೊರಟ ಮೇಲೆ ಚಿತ್ರೀಕರಣ ಶುರು ಮಾಡಿದೆ. ನಿಂತಾಗಲೆಲ್ಲ ಅದು ಟಿಂವ್ ಎಂದು ಕೂಗುತ್ತಿದ್ದರೆ ಗೊತ್ತಾಗುತ್ತಿತ್ತು, ಬಾಯಿ ಮುಚ್ಚಿಸಿದವನು ನಾನು. ದೀಪ ಕಾಣುತ್ತಿದ್ದರೆ ಗೊತ್ತಾಗುತ್ತಿತ್ತು, ಟೇಪು ಹಾಕಿದವನೂ ನಾನು. ಹೆಚ್ಚೂಕಡಿಮೆ ಜಗತ್ತಿನ ಎಲ್ಲ ದೇಶದವರ ಮೇಲೂ ಆ ಕ್ಯಾಮೆರಾವನ್ನು ಪ್ರಯೋಗಿಸಿ ನೋಡಿರಬಹುದು. ಹಿರಿಯರು ದಿನವಿಡೀ ಅಂಗೈ ಎತ್ತುವ ಮನೆಯಲ್ಲಿ ಯಾರೂ ನೋಡಿದ ಹಾಗಿಲ್ಲ. ತಪ್ಪು ಹುಡುಕುವುದೇ ಉದ್ಯೋಗವಾದ ನಾನೂ ನೋಡಲಿಲ್ಲ.

ಶಾಲಿನಿ ರೇಗಲಿಲ್ಲ. ರೇಗಿದ್ದರೆ ನಾನು ಕಂಪನಿಯನ್ನು ಬೈದು ತಪ್ಪಿಸಿಕೊಳ್ಳಬಹುದಿತ್ತು. ಅವಳು ಎದ್ದು ಹೋಗಿ ಒಣಗಿದ ಟವೆಲುಗಳನ್ನು ಮಡಿಸತೊಡಗಿದಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ನನಗೆ ಆ ಕ್ಷಣ ಮೆಟ್ಟಿಲ ಕೆಳಗಿನ ಕಪಾಟಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಅಲ್ಲಿ ಜಾಗವಿರಲಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ದೊಡ್ಡಮ್ಮನನ್ನೇ ಕೇಳಿದೆ, ಇನ್ನೊಂದು ಸಲ ಆಶೀರ್ವಾದ ಮಾಡುತ್ತೀರಾ ಎಂದು. ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿ, “ಅದೇನು ಪಲ್ಯವೇ ಅಳಿಯಂದ್ರೇ, ಇನ್ನೊಂದ್ಸಲ ಬಡಿಸೋಕೆ?” ಎಂದರು. ಆದರೂ ಶಾಲಿನಿಯ ಮುಖ ನೋಡಿ ಒಪ್ಪಿದರು. ನಾನು ಅಂಗೈಯ ಸನ್ನೆಯನ್ನು ಆಫ್ ಮಾಡಿದೆ, ಆಫ್ ಆಗಿದೆ ಎಂದು ಮತ್ತೆ ನೋಡಿದೆ, ನಿಧಿಯಿಂದಲೂ ನೋಡಿಸಿದೆ. ದೊಡ್ಡಮ್ಮ ರೇಷ್ಮೆಸೀರೆ ಉಟ್ಟು ಬಂದು ಪಾಸ್‌ಪೋರ್ಟಿನ ಫೋಟೋಗೆ ಕೂತಂತೆ ಕೂತರು. ಕೈಗಳು ತೊಡೆಯ ಮೇಲಿಂದ ಏಳಲೇ ಇಲ್ಲ. ಕ್ಯಾಮೆರಾವನ್ನು ದಿಟ್ಟಿಸಿ, “ಎಲ್ಲರಿಗೂ ನನ್ನ ಹೃತ್ಪೂರ್ವಕ ಶುಭಾಶೀರ್ವಾದಗಳು” ಎಂದರು, ಟೀವಿಯ ವಾರ್ತೆಯವರ ಧಾಟಿಯಲ್ಲಿ. ಆಮೇಲೆ, “ಆಯ್ತಾ? ಏಳಲಾ?” ಎಂದರು. ಕೈ ಎತ್ತಿ ದೊಡ್ಡಮ್ಮಾ ಎಂದೆ. ಎತ್ತಿದರು, ಆದರೆ ಬಸ್ಸು ನಿಲ್ಲಿಸುವವರ ಹಾಗೆ. ಶಾಲಿನಿ ಮೆಲ್ಲಗೆ, “ಬೇಡ ಬಿಡಿ, ಪಾಪ, ಅವರನ್ನ ಯಾಕೆ ಗೋಳು ಹುಯ್ಕೋತೀರಾ” ಎಂದಳು. ಅವತ್ತಿನಿಂದ ಅವಳು ಆ ಮಾತೇ ಎತ್ತಲಿಲ್ಲ. ನನಗೆ ಅದೇ ದೊಡ್ಡ ಶಿಕ್ಷೆಯಾಯಿತು.

ದೊಡ್ಡಮ್ಮ ಹೊರಡುವ ದಿನ ಬಂದೇಬಿಟ್ಟಿತು. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಖಂಡಿತ ಆಶೀರ್ವಾದ ಮಾಡುತ್ತಾರೆ, ಅಲ್ಲಿ ಹಿಡಿದೇ ತೀರುತ್ತೇನೆ ಎಂದು ನಿರ್ಧರಿಸಿದ್ದೆ. ಸಣ್ಣ ಮಳೆ ಹನಿಯುತ್ತಿತ್ತು. ಸೂಟ್‌ಕೇಸು ಕಾರಿಗೆ ಹಾಕಿ, ಕ್ಯಾಮೆರಾ ತೆರೆದು ನೋಡಿದರೆ, ಮಹಾರಾಯ ರಾತ್ರೋರಾತ್ರಿ ತಾನೇ ಅಪ್‌ಡೇಟ್ ಮಾಡಿಕೊಂಡು, ಅಂಗೈಯ ಸನ್ನೆಯನ್ನು ಮತ್ತೆ ಆನ್ ಮಾಡಿಕೊಂಡು, ಅಷ್ಟೂ ಶ್ರಮಕ್ಕೆ ಬ್ಯಾಟರಿ ಖಾಲಿ ಮಾಡಿಕೊಂಡು ಕೂತಿದ್ದ. ಬೇರೆ ಬ್ಯಾಟರಿ ತೆಗೆದೆ. ಕೈ ಒದ್ದೆಯಾಗಿತ್ತು, ಅದು ಜಾರಿತು. ನಮ್ಮದು ಇಳಿಜಾರು ರಸ್ತೆ ಎಂದು ಆಗಲೇ ಹೇಳಿದೆನಲ್ಲ, ಅದು ಒಂದೆರಡು ಪಲ್ಟಿ ಹೊಡೆದು ಕಾರಿನ ಅಡಿಗೆ ಹೋಯಿತು. ನಾನು ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಚಕ್ರದ ಸಂದಿಯಲ್ಲಿ ಕೈಯಾಡಿಸುತ್ತಿರುವಾಗ ಹಿಂದೆ ಬಾಗಿಲ ಬಳಿ ಏನೋ ಮಾತು ಕೇಳಿಸಿತು. ಎದ್ದು ತಿರುಗುವ ಹೊತ್ತಿಗೆ ದೊಡ್ಡಮ್ಮನ ಕೈ ಕೆಳಗಿಳಿಯುತ್ತಿತ್ತು. ಶಾಲಿನಿ ಹೊಸ್ತಿಲಲ್ಲಿ ಮೊಣಕಾಲೂರಿದ್ದಳು. ನಿಧಿಯ ಕೂದಲು ಕೆದರಿತ್ತು. ಮನೆ ಬಿಡುವಾಗ ಹೊಸ್ತಿಲಲ್ಲೇ ಆಶೀರ್ವಾದ ಮಾಡಿ ಮುಗಿಸಿಬಿಟ್ಟಿದ್ದರು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯ ಸಿಬ್ಬಂದಿ ಅವಸರಪಡಿಸಿ ಕರೆದುಕೊಂಡು ಹೋದರು. ದೊಡ್ಡಮ್ಮನಿಗೆ ತಿರುಗಿ ನೋಡಲೂ ಆಗಲಿಲ್ಲ.

ವಾಪಸು ಬರುವಾಗ ಬೆಟ್ಟದ ರಸ್ತೆಯುದ್ದಕ್ಕೂ ಶಾಲಿನಿ ಕಿಟಕಿಯಾಚೆ ಕುರಿಗಳನ್ನು ನೋಡುತ್ತಾ ಕೂತಿದ್ದಳು. ನಾನು ನನ್ನ ಸಾಮಾನುಗಳನ್ನೆಲ್ಲ ದಾನದ ಸಾಮಾನು ಮಾರುವ ಯಾವ ಚಾರಿಟಿ ಅಂಗಡಿಗೆ ಕೊಡಬೇಕು, ಅವರಾದರೂ ತೆಗೆದುಕೊಳ್ಳುತ್ತಾರೆಯೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ನಿಧಿ, “ಅಮ್ಮಾ, ಲುಕ್. ದ ಡೋರ್‌ಬೆಲ್ ಗಾಟ್ ಇಟ್” ಎಂದು ಫೋನು ಚಾಚಿದಳು. ನಮ್ಮ ಬಾಗಿಲ ಕರೆಗಂಟೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಮನೆ ಮಾರಿದವರು ಬಿಟ್ಟುಹೋದದ್ದು. ಅದನ್ನು ಕ್ಯಾಮೆರಾ ಎಂದು ಕರೆಯುವುದನ್ನೇ ನಾನು ಈ ಮನೆಯಲ್ಲಿ ನಿಷೇಧಿಸಿದ್ದೆ. ಅದಕ್ಕೆ ಸನ್ನೆ ತಿಳಿಯದು, ಶ್ರುತಿ ತಿಳಿಯದು. ಯಾರಾದರೂ ಎದುರಿಗೆ ಬಂದರೆ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತದೆ, ಅಷ್ಟೆ. ಫೋನಿನಿಂದ ದೊಡ್ಡಮ್ಮನ ದನಿ ಬಂತು. ಮಳೆಯ ಸದ್ದು, ಕಸದ ಲಾರಿಯ ಸದ್ದು, ಅದರ ಮಧ್ಯೆ ಸ್ಪಷ್ಟವಾಗಿ, “ತಣ್ಣಗಿರಿ. ಹೊಟ್ಟೆ ತುಂಬ ಉಣ್ಣಿ. ಯಾರ ಮೇಲೂ ಸಿಡುಕಬೇಡಿ.” ಶಾಲಿನಿ ನೋಡಿದಳು, ಮತ್ತೆ ಹಾಕಿ ನೋಡಿದಳು, ಅಳುತ್ತಾ ನಕ್ಕಳು. ಆಮೇಲೆ ನನ್ನ ತೋಳು ಮುಟ್ಟಿ, “ರೀ, ನೀವೂ ಇದ್ದೀರಿ ಇದರಲ್ಲಿ. ಹಿಂದೆ ಕಾರಿನ ಹತ್ರ. ತಲೆ ಬಗ್ಗಿಸಿ ನಿಂತಿದ್ದೀರಿ. ದೊಡ್ಡಮ್ಮ ಕಡೇಲಿ ನಿಮ್ಮ ಕಡೆಗೇ ಕೈ ಎತ್ತಿದಾರೆ” ಎಂದಳು. ಅವಳ ದನಿ ಎಷ್ಟು ಮೃದುವಾಗಿತ್ತೆಂದರೆ, ನಾನು ರಸ್ತೆಯಿಂದ ಕಣ್ಣು ತೆಗೆಯದೆ ಹೂಂ ಎಂದೆ. ಗಾಡಿ ಓಡಿಸುವಾಗ ಜಾಸ್ತಿ ಮಾತಾಡಬಾರದು.

ಆ ವಿಡಿಯೋ ಈಗ ಮೈಸೂರಿನ ನೆಂಟರ ಫೋನುಗಳಲ್ಲೆಲ್ಲ ಓಡಾಡುತ್ತಿದೆ. ಪರದೇಶದಲ್ಲಿದ್ದೂ, ಮಳೆಯಲ್ಲಿ ನೆನೆಯುತ್ತಾ, ದೂರದಿಂದಲೇ ತಲೆ ಬಾಗಿಸಿ ನಿಂತ ಅಳಿಯನ ವಿನಯಕ್ಕೆ ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದ್ದಾರೆ. ನಾನು ಯಾರಿಗೂ ಏನೂ ಹೇಳಲಿಲ್ಲ. ಇಷ್ಟು ವರ್ಷ ಬರೀ ಉಸಿರಾಗಿದ್ದವನು ಮೊದಲ ಸಲ ಎಲ್ಲರೂ ನೋಡುವ ಚಿತ್ರದೊಳಗೆ ಬಂದಿದ್ದೇನೆ, ಬೆನ್ನಾದರೂ ಸರಿಯೇ. ಮೊನ್ನೆ ದೊಡ್ಡಮ್ಮ ಫೋನು ಮಾಡಿದ್ದರು. ಶಾಲಿನಿ ಕೆಲಸಕ್ಕೆ ಹೋಗಿದ್ದಳು. “ನಿಮ್ಮನೆ ಬಾಗಿಲು ಚೆನ್ನಾಗಿ ವಿಡಿಯೋ ತೆಗೆದಿದೆ ಅಳಿಯಂದ್ರೇ. ಅದರ ಕೈಗೇ ಮೊದಲೇ ಕೊಡಬಾರದಿತ್ತಾ?” ಎಂದರು. ಹೌದು ದೊಡ್ಡಮ್ಮ ಎಂದೆ. ಆಮೇಲೆ ಪಕ್ಕದಲ್ಲಿದ್ದವರಿಗೆ ಕೇಳಿಸಬಾರದು ಎನ್ನುವಂತೆ ದನಿ ತಗ್ಗಿಸಿ ಕೇಳಿದರು:

“ಅವತ್ತು ಕಾರಿನ ಅಡಿಗೆ ಉರುಳಿತಲ್ಲ, ಅದು ಸಿಕ್ತಾ?”

ಇಲ್ಲ ದೊಡ್ಡಮ್ಮ, ಚರಂಡಿಗೆ ಹೋಗಿರಬೇಕು ಎಂದೆ.

“ಹೋಗ್ಲಿ ಬಿಡಿ. ತಣ್ಣಗಿರಿ” ಎಂದರು.

ಹಾಗನ್ನುವಾಗ ಕೈ ಎತ್ತಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕರೆಯಲ್ಲಿ ನಾನು ವಿಡಿಯೋ ಆನ್ ಮಾಡಿರಲಿಲ್ಲ.